ಗೊತ್ತಿದ್ದ ವಾಸನೆ

ಕಳೆದ ತಿಂಗಳು ಸಿಂಧನೂರಿನಿಂದ ತುರ್ವಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಸೆರಗಿನ ಗಂಟು ಬಿಚ್ಚಿ ಎರಡು ಲವಂಗ ಬಾಯಿಗೆ ಹಾಕಿಕೊಂಡಳು. ಅದರ ಘಾಟು ಮೂಗಿಗೆ ಬಂತು. ನನಗೂ ಒಂದು ಕೊಡಲು ಕೈ ಚಾಚಿದಳು. "ಬ್ಯಾಡ್ರಿ" ಎಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ. ಹೊರಗೆ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ಹಾಗೆ ಮುಖ ತಿರುಗಿಸಿದ ಕೂಡಲೇ ನೆನಪಾಯಿತು. ಸುಮಾರು ಹತ್ತು ವರ್ಷಗಳ ಹಿಂದೆ, ದಿನವೂ ಬೆಳಿಗ್ಗೆ, ಒಬ್ಬ ಮನುಷ್ಯನ ಪಕ್ಕ ಕೂತು ನಾನು ಹೀಗೆಯೇ ಕಿಟಕಿಯ ಕಡೆ ಮುಖ ಮಾಡುತ್ತಿದ್ದೆ...

ಆಗ ನಾನು ಮಸ್ಕಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಮನೆ ಪಾಮನಕಲ್ಲೂರಿನಲ್ಲಿ, ಗಂಡ, ಅತ್ತೆ, ಸಣ್ಣ ಮಗಳ ಜೊತೆ. ಬೆಳಿಗ್ಗೆ ಶಾಲೆಯ ಹಳದಿ ವ್ಯಾನು ನಮ್ಮೂರಿನಿಂದ ಹೊರಟು ದಾರಿಯ ಹಳ್ಳಿಗಳ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಮಸ್ಕಿಗೆ ಹೋಗುತ್ತಿತ್ತು. ಮಕ್ಕಳ ಮೇಲೆ ಕಣ್ಣಿಡಲೆಂದು ನನ್ನನ್ನು ಮುಂದಿನ ಸೀಟಿನಲ್ಲಿ, ಡ್ರೈವರ್ ಪಕ್ಕ ಕೂರಿಸಿದ್ದರು. ಆ ಡ್ರೈವರನ್ನು ಮಕ್ಕಳು ವ್ಯಾನ್ ಕಾಕಾ ಎನ್ನುತ್ತಿದ್ದರು. ನಾನೂ ಕಾಕಾ ಎಂದೇ ಕರೆಯುತ್ತಿದ್ದೆ.

ಕಾಕಾ ಐವತ್ತು ದಾಟಿದವರು. ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಖಾಕಿ ಅಂಗಿ, ಹೆಗಲ ಮೇಲೆ ಟವೆಲ್. ಯಾವ ಮಗು ಯಾವ ಓಣಿಯಿಂದ ಬರುತ್ತದೆ, ಯಾವ ಮಗುವಿನ ಅವ್ವ ಜಡೆ ಹಾಕುವುದು ತಡಮಾಡುತ್ತಾಳೆ, ಎಲ್ಲ ಗೊತ್ತು ಅವರಿಗೆ. ಕುರಿಹಿಂಡು ಅಡ್ಡ ಬಂದರೆ ಹಾರ್ನ್ ಹೊಡೆಯದೆ ನಿಂತು ಕಾಯುತ್ತಿದ್ದರು. ಆದರೆ ಅವರ ಬಾಯಿ ಮಾತ್ರ ತಡೆಯಲಾರದಷ್ಟು ನಾರುತ್ತಿತ್ತು. ಕೆಟ್ಟ ತತ್ತಿ ಒಡೆದಂಥ, ಹಳ್ಳದಲ್ಲಿ ನಿಂತು ಕೊಳೆತ ನೀರಿನಂಥ ವಾಸನೆ. ಅದು ಅವರಿಗೂ ಗೊತ್ತಿತ್ತು. ಮಾತಾಡುವಾಗ ಮುಖ ಆ ಕಡೆ ತಿರುಗಿಸಿ ಬಾಯಿಗೆ ಟವೆಲ್ ಹಿಡಿಯುತ್ತಿದ್ದರು. ಅಂಗಿಯ ಕಿಸೆಯಲ್ಲಿ ಒಂದು ಕಡ್ಡಿಪೆಟ್ಟಿಗೆ, ಅದರ ತುಂಬ ಲವಂಗ. ವ್ಯಾನು ಚಾಲೂ ಮಾಡುವ ಮೊದಲು ಎರಡು, ಮಸ್ಕಿ ಬರುವಷ್ಟರಲ್ಲಿ ಮತ್ತೆರಡು. ಲವಂಗದ ಘಾಟು ಕರಗಿದ ಕೂಡಲೇ ಒಳಗಿನ ವಾಸನೆ ಮತ್ತೆ ಮೇಲೆ ಬರುತ್ತಿತ್ತು.

ಸೋಮವಾರ ಇನ್ನೂ ಹೆಚ್ಚು. ಅವತ್ತು ಅವರಿಗೆ ಉಪವಾಸ. ಸಂಜೆಯ ಪೂಜೆ ಆಗುವ ತನಕ ಒಂದು ಗುಟುಕು ನೀರೂ ಮುಟ್ಟುತ್ತಿರಲಿಲ್ಲ, ಲವಂಗವನ್ನೂ ಹಾಕಿಕೊಳ್ಳುತ್ತಿರಲಿಲ್ಲ. ನಾನು ಸೋಮವಾರ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ ಕೂರುತ್ತಿದ್ದೆ.

ಇನ್ನು ನನ್ನ ಮನೆಯ ಸಂಗತಿ ಹೇಳಬೇಕು. ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಗಂಡನಿಗೆ ಮಸ್ಕಿಯಲ್ಲಿ ಮೋಟಾರ್ ರಿಪೇರಿಯ ಅಂಗಡಿ ಇತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುತ್ತಿದ್ದರು. ಕೈಗುಣ ಇತ್ತು, ಗಿರಾಕಿಗಳೂ ಇದ್ದರು. ಆದರೆ ಕುಡಿಯುತ್ತಿದ್ದರು. ಕುಡಿದ ದಿನ ಅಂಗಡಿಯಲ್ಲೇ ಮಲಗಿ ಬೆಳಗಿನ ಮೊದಲ ಬಸ್ಸಿಗೆ ಮನೆಗೆ ಬರುತ್ತಿದ್ದರು. ಅತ್ತೆ ಮತ್ತು ನಾನು ಓಣಿಯವರಿಗೆ "ಕೆಲಸ ಭಾಳ ಐತ್ರಿ" ಎಂದು ಹೇಳಿ ಹೇಳಿ ಅದನ್ನೇ ನಿಜ ಮಾಡಿದ್ದೆವು. ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ನನ್ನನ್ನು ಏನೆಂದು ನೋಡುತ್ತಾರೋ, ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬ ಹೆದರಿಕೆ ನನ್ನನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಹಿಂದಿನ ದಿನ ಕುಡಿದವರ ಬಾಯಿ ಮರುದಿನ ಬೆಳಿಗ್ಗೆ ಹೇಗೆ ನಾರುತ್ತದೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಅದು ಹುಳಿಹುಳಿ, ಹಳಸಿದ ವಾಸನೆ. ಅಂಥ ಗಂಡನಿಗೆ ಚಹಾ ಕೊಟ್ಟು ಬಂದು ಕಾಕಾನ ಪಕ್ಕ ಕೂತ ದಿನಗಳು ಎಷ್ಟೋ. ಎರಡೂ ಬೇರೆ ಬೇರೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದೆ.

ಒಂದು ಮಧ್ಯಾಹ್ನ, ಶಾಲೆಯಲ್ಲಿ ಊಟದ ಗಂಟೆ ಹೊಡೆದಿತ್ತು. ಕಾಕಾ ಬಂದು ಕ್ಲಾಸಿನ ಬಾಗಿಲ ಹೊರಗೆ ನಿಂತರು. ಟವೆಲ್ಲು ಬಾಯಿಗಿತ್ತು. ನನ್ನ ಕೈಗೆ ಗಂಡನ ಅಂಗಡಿಯ ಕೀಲಿಕೈ ಇಟ್ಟರು.

"ಮನಿಯವ್ರಿಗೆ ಜ್ವರ ಬಂದಿತ್ರಿ ಟೀಚರ್. ಬಸ್‌ಸ್ಟ್ಯಾಂಡಿನ ಕಟ್ಟಿ ಮ್ಯಾಲ ಮಲಗಿದ್ರು. ಅಂಗಡಿ ಒಳಗ ಹಾಸಿ ಮಲಗಿಸಿ ಬಂದೀನಿ. ಗಾಬರಿ ಆಗಬ್ಯಾಡ್ರಿ."

ಜ್ವರ ಅಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರ ಅಂಗಿಯ ತೋಳಿಗೆ ವಾಂತಿಯ ಕಲೆ ಇತ್ತು, ನೀರಿನಲ್ಲಿ ತೊಳೆದರೂ ಹೋಗಿರಲಿಲ್ಲ. ಮರುದಿನದಿಂದ ವ್ಯಾನಿನಲ್ಲಿ ಅವರು ಆ ಮಾತು ಎತ್ತಲೇ ಇಲ್ಲ. ಯಾರ ಮುಂದೆಯೂ ಆಡಲಿಲ್ಲ ಎಂಬುದು ತಿಂಗಳುಗಳು ಕಳೆದ ಮೇಲೆ ನನಗೆ ಖಾತ್ರಿಯಾಯಿತು. ಓಣಿಯಲ್ಲಿ ಯಾರೂ ನನ್ನ ಗಂಡನ ಆರೋಗ್ಯ ವಿಚಾರಿಸಲಿಲ್ಲ.

ಆ ವರ್ಷದ ಹತ್ತಿ ಬಿಡಿಸುವ ಕಾಲ. ಒಂದು ಸೋಮವಾರ ಬೆಳಿಗ್ಗೆ, ರಸ್ತೆ ಬದಿಯ ಜಾಲಿಮುಳ್ಳಿನ ಸಂದಿಯಿಂದ ಎಮ್ಮೆಕರು ಒಂದು ಒಮ್ಮೆಲೇ ವ್ಯಾನಿನ ಮುಂದೆ ಜಿಗಿಯಿತು. ಕಾಕಾ ಬ್ರೇಕು ತುಳಿದರು. ಕರು ಉಳಿಯಿತು. ಹಿಂದಿನ ಸೀಟಿನಲ್ಲಿ ನಿಂತಿದ್ದ ಮೂರನೇ ಕ್ಲಾಸಿನ ಹುಡುಗಿಯ ಹಣೆ ಕಬ್ಬಿಣದ ಕಂಬಿಗೆ ಬಡಿದು ರಕ್ತ ಸೋರತೊಡಗಿತು. ಕಾಕಾ ತಮ್ಮ ಟವೆಲ್ಲನ್ನೇ ಹಣೆಗೆ ಕಟ್ಟಿ, ವ್ಯಾನನ್ನು ನೇರ ಮಸ್ಕಿಯ ಆಸ್ಪತ್ರೆಗೆ ಹೊಡೆದರು. ಎರಡು ಹೊಲಿಗೆ ಬಿದ್ದವು. ಹುಡುಗಿಯ ಅಪ್ಪ, ನಮ್ಮೂರಿನ ಹತ್ತಿ ಬೆಳೆಯುವ ರೈತ, ಮೋಟಾರ್ ಸೈಕಲ್ ಮೇಲೆ ಓಡಿ ಬಂದ. ಕಾಕಾ ಹುಡುಗಿಯನ್ನು ಎತ್ತಿಕೊಂಡು ಹೋಗಿ ಅವನ ಕೈಗೆ ಕೊಡುತ್ತ "ಹೆದರಬ್ಯಾಡ್ರಿ, ಏನಾಗಿಲ್ಲ" ಎಂದರು. ರಕ್ತದಲ್ಲಿ ನೆನೆದ ಟವೆಲ್ಲು ಆಸ್ಪತ್ರೆಯ ಒಳಗೇ ಉಳಿದಿತ್ತು, ಬಾಯಿಗೆ ಹಿಡಿಯಲು ಇರಲಿಲ್ಲ. ಕಾಕಾನ ಉಸಿರು ನೇರ ಅವನ ಮುಖಕ್ಕೆ ಬಡಿಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ.

ಸಂಜೆಯಷ್ಟರಲ್ಲಿ ಊರ ತುಂಬ ಒಂದೇ ಮಾತು. ಡ್ರೈವರ್ ಕುಡಿದಿದ್ದ. ಒಬ್ಬರು ನೆನಪು ಮಾಡಿಕೊಂಡರು: ಯಾವಾಗಲೂ ಬಾಯಿಗೆ ಟವೆಲ್ ಹಿಡಿದಿರುತ್ತಾನಲ್ಲ, ಯಾಕೆ? ಇನ್ನೊಬ್ಬರು: ಲವಂಗ ತಿನ್ನುವುದು ಯಾಕೆ? ಮತ್ತೊಬ್ಬರು: ಸೋಮವಾರವೇ ಜಾಸ್ತಿ ವಾಸನೆ ಬರುತ್ತದೆ ಅಂದರೆ ರವಿವಾರ ರಜೆ, ಕೂತು ಕುಡಿದಿರುತ್ತಾನೆ... ಮರೆಮಾಡಲು ಅವರು ಮಾಡಿದ್ದೆಲ್ಲ ಅವರ ಮೇಲಿನ ಸಾಕ್ಷಿಯಾಗಿ ನಿಂತಿತು.

ಮರುದಿನ ಶಾಲೆಯ ಆಫೀಸಿನಲ್ಲಿ ಏಳೆಂಟು ಪಾಲಕರು ಸೇರಿದರು. ನಡುವೆ ಶಾಲೆಯ ಸೆಕ್ರೆಟರಿ. ಕಾಕಾ ಬಾಗಿಲ ಹತ್ತಿರ, ಗೋಡೆಗೆ ಒರಗದೆ ನಿಂತಿದ್ದರು. ನನ್ನನ್ನೂ ಕರೆಸಿದ್ದರು. ಹುಡುಗಿಯ ಅಪ್ಪ ಕೂಗಾಡುತ್ತಿದ್ದ.

"ಕುಡದು ಗಾಡಿ ಹೊಡ್ಯಾಕತ್ತಾನಂದ್ರ ಹುಡುಗ್ರ ಜೀವದ ಗತಿ ಏನ್ರಿ? ನನ್ನ ಮೂಗಿಗೆ ಖುದ್ದು ಬಡದೈತಿ ವಾಸನಿ!"

ಕಾಕಾ ಕೊರಳ ಲಿಂಗದ ಮೇಲೆ ಕೈಯಿಟ್ಟರು. "ಇದನ್ನ ಮುಟ್ಟಿ ಹೇಳ್ತೀನ್ರಿ. ಜನ್ಮದಾಗ ಬಾಯಿಗೆ ಹಾಕಿಲ್ಲ. ಬೇಕಂದ್ರ ಈಗ ಪೊಲೀಸ್ ಸ್ಟೇಷನ್‌ಗೆ ನಡೀರಿ. ಊದೋ ಮಿಷನ್ ಇರ್ತೈತಂತಲ್ರಿ, ಊದ್ತೀನಿ."

"ಪೊಲೀಸು ಗಿಲೀಸು ಏನೂ ಬ್ಯಾಡ," ಎಂದರು ಸೆಕ್ರೆಟರಿ. "ಸಾಲಿ ಹೆಸರು ಕೆಡತೈತಿ. ಮತ್ತ ನಿನ್ನಿ ಕುಡದಿದ್ದು ಇವತ್ತ ಏನ್ ತೋರಸ್ತೈತಿ? ಟೀಚರ್, ದಿನಾ ಅವ್ರ ಬಾಜೂಕ ಕುಂದ್ರೋರು ನೀವು. ನೀವು ಹೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಕಾಕಾನೂ ನೋಡಿದರು. ಆ ಕಣ್ಣಲ್ಲಿ ಆಸೆ ಇತ್ತು. ಇವಳಿಗೆ ಗೊತ್ತು, ಇವಳು ಹೇಳುತ್ತಾಳೆ ಎಂಬ ಧೈರ್ಯ ಇತ್ತು. ಇದು ಹೆಂಡದ ವಾಸನೆಯಲ್ಲ ಎಂದರೆ ಮುಂದಿನ ಪ್ರಶ್ನೆ ಒಂದೇ: ನಿಮಗೆ ಹೇಗೆ ಗೊತ್ತು?

"ವಾಸನಿ... ಬರ್ತೈತ್ರಿ," ಎಂದೆ. "ಯಾವುದಂತ ನನಗ ಗೊತ್ತಾಗಂಗಿಲ್ಲ."

ಕಾಕಾ ಈಗ ಹೇಳುತ್ತಾರೆ ಎಂದುಕೊಂಡೆ. ಕೀಲಿಕೈ, ಬಸ್‌ಸ್ಟ್ಯಾಂಡಿನ ಕಟ್ಟೆ, ತೋಳಿನ ಕಲೆ, ಎಲ್ಲ ಈಗ ಹೊರಗೆ ಬೀಳುತ್ತದೆ. ಒಂದೇ ಮಾತು ಸಾಕಾಗಿತ್ತು ಅವರಿಗೆ. "ಟೀಚರ್ ಮನ್ಯಾಗ ಕೇಳ್ರಿ, ಆ ವಾಸನಿ ಅವ್ರಿಗೆ ಚಲೋ ಗೊತ್ತೈತಿ" ಎಂದಿದ್ದರೆ ಮುಗಿಯುತ್ತಿತ್ತು.

ಕಾಕಾ ನನ್ನನ್ನೇ ನೋಡಿದರು. ಆಮೇಲೆ ನೆಲ ನೋಡಿದರು. ವ್ಯಾನಿನ ಕೀಲಿಯನ್ನು ಸೆಕ್ರೆಟರಿಯ ಟೇಬಲ್ಲಿನ ಮೇಲಿಟ್ಟು ಹೊರಗೆ ನಡೆದರು. ನನಗೆ ಆಗ ಆದದ್ದು ನಾಚಿಕೆಯಲ್ಲ. ನಿರಾಳ. ಉಸಿರು ಹಗುರಾಯಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ.

ಹೊಸ ಡ್ರೈವರ್ ಬಂದ. ಕಾಕಾ ಊರಲ್ಲೇ ಇದ್ದರು, ಆದರೆ ಕಾಣುತ್ತಿರಲಿಲ್ಲ. ಸೋಮವಾರದ ಭಜನೆಯಲ್ಲಿ ಅವರೇ ಮೊದಲು ದನಿ ಎತ್ತುತ್ತಿದ್ದರು, ಅಲ್ಲಿಗೂ ಬರುವುದು ಬಿಟ್ಟಿದ್ದಾರೆ ಎಂದು ಅತ್ತೆ ಹೇಳಿದರು. ಕುಡುಕನ ಪಕ್ಕ ಕೂತು ಶಿವನಾಮ ಹಾಡುವುದು ಹೇಗೆ ಎಂದು ಯಾರೋ ಅಂದರಂತೆ. ಅತ್ತೆ ಇದನ್ನು ಹೇಳುತ್ತ ನನ್ನ ಮುಖ ನೋಡಲಿಲ್ಲ, ರೊಟ್ಟಿ ಬಡಿಯುತ್ತಲೇ ಇದ್ದರು.

ಒಂದೂವರೆ ತಿಂಗಳು ಕಳೆದಿರಬೇಕು. ನನ್ನ ಮಗಳಿಗೆ ಹಲ್ಲು ಹುಳುಕಾಗಿ, ಲಿಂಗಸುಗೂರಿನ ದಂತ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಒಳಗೆ ಯಾರನ್ನೋ ನೋಡುತ್ತಿದ್ದರು, ಹೊರಗಿನ ಬೆಂಚಿನ ಮೇಲೆ ಕೂತೆವು. ನಡುವೆ ಒಂದು ಪರದೆ ಅಷ್ಟೇ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ದನಿ ದೊಡ್ಡದು.

"ಹಲ್ಲು ಎಷ್ಟು ದಿನದಿಂದ ಸರಿಯಾಗಿ ತಿಕ್ಕಿಲ್ರಿ?"

"ತಿಕ್ಕಿದ್ರ ರಕ್ತ ಬರ್ತೈತ್ರಿ. ರಕ್ತ ಬರೋ ಕಡೆ ಮುಟ್ಟೋದು ಬಿಟ್ಟೀನಿ."

ದನಿ ಕೇಳಿ ನನ್ನ ಕೈ ಮಗಳ ಭುಜವನ್ನು ಬಿಗಿಯಾಗಿ ಹಿಡಿಯಿತು. ಕಾಕಾ.

"ಅಲ್ಲೇ ತಪ್ಪಾಗಿದ್ದು ನೋಡ್ರಿ. ಕನ್ನಡಿ ಹಿಡೀರಿ. ಒಸಡು ಹಲ್ಲು ಬಿಟ್ಟು ಸಡಿಲ ಆಗೈತಿ, ಒಳಗ ಕಿಸೆ ಆದಂಗ ಆಗೈತಿ. ನಾಲಿಗಿ ಹಿಂದ ಬೆಳ್ಳಗ ದಪ್ಪ ಕೂತೈತಿ. ಬ್ಯಾಕ್ಟೀರಿಯಾ ಅಂತಾವ್ರಿ, ಕಣ್ಣಿಗೆ ಕಾಣಲಾರದಷ್ಟು ಸಣ್ಣ ಜೀವಿ. ನನ್ನ ಬಾಯಾಗೂ ಅದಾವ, ಎಲ್ಲರ ಬಾಯಾಗೂ ಅದಾವ. ಗಾಳಿ ತಾಗಲಾರದ ಸಂದಿ ಸಿಕ್ರ ಕೆಲವು ಅಲ್ಲೇ ಮನಿ ಮಾಡ್ಕೊಂಡು ಹೆಚ್ಚಾಗ್ತಾವ. ತಿಂದ ಅನ್ನದ ಚೂರು, ಒಸಡಿನ ರಕ್ತ, ಅವನ್ನ ಕೊಳೆಸಿ ಗಂಧಕದ ಗಾಳಿ ಬಿಡ್ತಾವ. ಕೆಟ್ಟ ತತ್ತಿ ವಾಸನಿ ಅದರದಾ."

"ಸೋಮವಾರ ಭಾಳ ಆಗತೈತ್ರಿ," ಎಂದಿತು ಹೆಂಗಸಿನ ದನಿ. ಕಾಕಾನ ಹೆಂಡತಿ. "ಅವತ್ತ ನೀರೂ ಮುಟ್ಟಂಗಿಲ್ಲ ಇವ್ರು."

"ಮತ್ತ? ಉಗುಳು ಬಾಯಿನ ತೊಳೀತಿರ್ತೈತಿ. ಬಾಯಿ ಒಣಗಿತಂದ್ರ ಅವನ್ನ ಕೇಳೋರೇ ಇಲ್ಲ. ಲವಂಗ ತಿಂದ್ರ ಮ್ಯಾಲಿನ ವಾಸನಿ ಮುಚ್ಚತೈತಿ, ಒಳಗಿನ ರೋಗ ಹಂಗ ಇರ್ತೈತಿ. ಉಪವಾಸ ಬಿಡಬ್ಯಾಡ್ರಿ. ನೀರು ಬಾಯಿಗೆ ಹಾಕಿ ಮುಕ್ಕಳಿಸಿ ಉಗುಳ್ರಿ, ನುಂಗಬ್ಯಾಡ್ರಿ. ನಾನು ಒಸಡಿನ ಒಳಗ ಸ್ವಚ್ಛ ಮಾಡ್ತೀನಿ, ಮೂರ್ನಾಲ್ಕು ಸಲ ಬರಬೇಕಾಗತೈತಿ. ಎರಡು ಹಲ್ಲು ತಗೀಬೇಕು. ದಿನಾ ನಾಲಿಗಿ ಕೆರೀರಿ. ಹೋಗ್ತೈತಿ ಇದು."

ಆಮೇಲೆ ಕಾಕಾ ಕೇಳಿದರು.

"ಡಾಕ್ಟ್ರೇ, ಇದು ಕುಡಿತದ ವಾಸನಿ ಅಲ್ಲಂತ ಒಂದು ಚೀಟಿ ಬರದು ಕೊಡ್ತೀರೇನ್ರಿ?"

ಡಾಕ್ಟರು ನಕ್ಕರು. ಕೂಡಲೇ ಆ ನಗು ನಿಂತಿತು. ಪೆನ್ನಿನ ಸದ್ದು ಪರದೆಯ ಈಚೆಗೆ ನನಗೆ ಕೇಳಿಸಿತು.

ಅವರು ಹೊರಗೆ ಬಂದಾಗ ಎದ್ದು ಓಡಲು ದಾರಿ ಇರಲಿಲ್ಲ. ನನ್ನನ್ನು ಕಂಡು ಕಾಕಾ ನಿಂತರು. ಟವೆಲ್ಲನ್ನು ಬಾಯಿಗೆ ಹಿಡಿದು, ಮಗಳ ಕಡೆ ಬಗ್ಗಿ, "ಹಲ್ಲು ನೋವೇನ್ರಿ ಟೀಚರ್ ಮಗಳಿಗೆ? ಡಾಕ್ಟ್ರು ಭಾಳ ಚಲೋ ಅದಾರ, ಅಳಬ್ಯಾಡವ್ವ" ಎಂದರು. ಮತ್ತೇನೂ ಕೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮುಂದೆ ತಿಂಗಳು ಕಳೆದ ಮೇಲೆ, ಒಂದು ಬೆಳಿಗ್ಗೆ, ಹಾಜರಿ ಪುಸ್ತಕ ಒಪ್ಪಿಸಲು ಆಫೀಸಿಗೆ ಹೋದರೆ ಕಾಕಾ ಸೆಕ್ರೆಟರಿಯ ಮುಂದೆ ನಿಂತಿದ್ದರು. ಹಣೆಗೆ ಪೆಟ್ಟಾಗಿದ್ದ ಹುಡುಗಿಯ ಅಪ್ಪನೂ ಮಗಳಿಗೆ ರಜೆ ಕೇಳಲು ಬಂದು ಅಲ್ಲೇ ಇದ್ದ. ಕಾಕಾನ ಟವೆಲ್ಲು ಹೆಗಲ ಮೇಲಿತ್ತು, ಬಾಯಿಗೆ ಇರಲಿಲ್ಲ. ಮುಖ ತಿರುಗಿಸದೆ ಮಾತಾಡುತ್ತಿದ್ದರು. ಅವರು ಹೀಗೆ ಹತ್ತಿರ ನಿಂತು ಮರೆಯಿಲ್ಲದೆ ಮಾತಾಡಿದ್ದನ್ನು ನಾನು ಒಂದು ವರ್ಷದಲ್ಲಿ ನೋಡಿದ್ದು ಅವತ್ತೇ.

"ಕೆಲಸ ಕೊಡ್ರಿ ಅಂತ ಕೇಳಾಕ ಬಂದಿಲ್ರಿ. ಈ ಚೀಟಿ ಒಂದು ಓದ್ರಿ. ಓದಿ ನಾಲ್ಕು ಮಂದಿಗೆ ಹೇಳ್ರಿ, ಸಾಕು."

ಸೆಕ್ರೆಟರಿ ಚೀಟಿಯನ್ನು ಬಿಚ್ಚಲೇ ಇಲ್ಲ. "ಇಂಥಾ ಚೀಟಿ ಯಾರ್ ಬೇಕಾದ್ರೂ ಬರಸ್ಕೊಂಡು ಬರಬಹುದು. ಹೋಗ್ರಿ ಇನ್ನ."

ಕಾಕಾ ಚೀಟಿ ಎತ್ತಿಕೊಳ್ಳಲು ಕೈ ಚಾಚಿದರು. ನನ್ನ ಬಾಯಿಂದ ಮಾತು ಹೇಗೆ ಬಂತೋ ಗೊತ್ತಿಲ್ಲ.

"ಸರ್, ಅದು ಹೆಂಡದ ವಾಸನಿ ಅಲ್ರಿ. ನನಗ ಅವತ್ತ ಗೊತ್ತಿತ್ತು."

ಸೆಕ್ರೆಟರಿ ತಲೆಯೆತ್ತಿದರು. "ಹೆಂಗ ಗೊತ್ತು?"

"ನಮ್ಮ ಮನ್ಯಾಗ ಕುಡೀತಾರ್ರಿ. ನನ್ನ ಗಂಡ. ಆ ವಾಸನಿ ಹೆಂಗಿರ್ತೈತಿ ಅಂತ ನನಗ ಗೊತ್ತೈತಿ. ಇವ್ರದು ಅದಲ್ಲ. ಅವತ್ತ ನಾ ಸುಳ್ಳು ಹೇಳಿದೆ."

ಕಾಲಡಿಯ ನೆಲ ಕುಸಿಯುತ್ತದೆ ಎಂದು ಕಾದು ನಿಂತೆ. ಸೆಕ್ರೆಟರಿ ಗಡಿಯಾರ ನೋಡಿದರು. "ಆಗಿದ್ದು ಆತು. ಹೊಸ ಡ್ರೈವರ್ ಬಂದಾನ. ಗಂಟಿ ಹೊಡೀತು, ಕ್ಲಾಸಿಗೆ ಹೋಗ್ರಿ ಟೀಚರ್," ಎಂದರು. ಅಷ್ಟೇ. ಆ ಮೇಲೂ ಯಾರೂ ನನ್ನನ್ನು ಏನೂ ಕೇಳಲಿಲ್ಲ, ಕೆಲಸವೂ ಹೋಗಲಿಲ್ಲ. ಕಾಕಾ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು, ನನ್ನ ಕಡೆ ಒಮ್ಮೆ ನೋಡಿ ಹೊರಟುಹೋದರು. ಆ ನೋಟ ಏನು ಹೇಳಿತೋ ನನಗೆ ತಿಳಿಯಲಿಲ್ಲ. ಹಿಂದೆ ಓಡಿಹೋಗಿ "ತಪ್ಪಾತ್ರಿ ಕಾಕಾ" ಎನ್ನಬೇಕಿತ್ತು. ಹಾಜರಿ ಪುಸ್ತಕ ಎದೆಗೆ ಒತ್ತಿಕೊಂಡು ಕ್ಲಾಸಿಗೆ ಹೋದೆ.

ಆದರೆ ಆ ಹುಡುಗಿಯ ಅಪ್ಪ ಅವರ ಹಿಂದೆಯೇ ಹೊರಗೆ ಹೋಗಿದ್ದ. ಕಿಟಕಿಯಿಂದ ಕಂಡೆ: ಗೇಟಿನ ಹತ್ತಿರ ಇಬ್ಬರೂ ಬಹಳ ಹೊತ್ತು ನಿಂತಿದ್ದರು, ಅವನು ತಲೆ ತಗ್ಗಿಸಿಕೊಂಡು ಮಾತಾಡುತ್ತಿದ್ದ. ಮುಂದೆ ಕಾಕಾ ಒಂದು ಹಳೆಯ ಆಟೋ ಕೊಂಡು ಓಡಿಸತೊಡಗಿದಾಗ, ಮೊದಲು ತನ್ನ ಮಗಳನ್ನು ಅದರಲ್ಲಿ ಹತ್ತಿಸಿ ಶಾಲೆಗೆ ಕಳಿಸಿದವನು ಅವನೇ. ಅವನನ್ನು ನೋಡಿ ಮತ್ತೆ ನಾಲ್ಕೈದು ಮನೆಯವರು ಕಳಿಸಿದರು. ಭಜನೆಗೂ ಕರೆದರಂತೆ. ಕಾಕಾ ಹೋದರಂತೆ, ಆದರೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರಂತೆ...

ಎರಡು ವರ್ಷಕ್ಕೆ ನನಗೆ ಸರ್ಕಾರಿ ಕೆಲಸ ಸಿಕ್ಕಿ ಸಿಂಧನೂರಿಗೆ ಬಂದೆವು. ಕಾಮಾಲೆಯಾಗಿ ಸಾವಿನ ಬಾಗಿಲು ಮುಟ್ಟಿ ಬಂದ ಮೇಲೆ ನನ್ನ ಗಂಡ ಕುಡಿಯುವುದು ಬಿಟ್ಟರು. ಪಾಮನಕಲ್ಲೂರಿನ ಮನೆ ಬಾಡಿಗೆಗೆ ಹೋಯಿತು, ಆ ದಾರಿಯ ಓಡಾಟ ನಿಂತಿತು. ಒಮ್ಮೆ ಹೋಗಿ ಕಾಕಾನನ್ನು ಕಾಣಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಬಸ್ಸಿನಲ್ಲಿ ಆ ಹೆಂಗಸು ಲವಂಗ ಕೊಡಲು ಬಂದದ್ದು ಗುರುವಾರ. ರವಿವಾರ ನಾನು ಪಾಮನಕಲ್ಲೂರಿನ ಬಸ್ಸು ಹತ್ತಿದೆ.

ಕಾಕಾನ ಹೆಂಡತಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ಹಣೆ ಬರಿದಾಗಿತ್ತು. ನೋಡಿದ ಕೂಡಲೇ ಗೊತ್ತಾಯಿತು, ಆದರೂ ಬಾಯಿ ಬಿಟ್ಟು ಕೇಳಿದೆ.

"ಹೋದ ಶ್ರಾವಣದಾಗ ಹೋಗಿಬಿಟ್ರು. ಎದಿ ನೋವು ಅಂದ್ರು. ಲಿಂಗಸುಗೂರು ಮುಟ್ಟಲಿಲ್ಲ." ಚಾಪೆ ಹಾಸಿದರು, ಚಹಾ ತಂದರು. "ನಿಮ್ಮನ್ನ ನೆನಸ್ತಿದ್ರು. ಎಲ್ಲರೂ ಬಾಯಿ ಮುಚ್ಕೊಂಡಾಗ ಟೀಚರ್ ಒಬ್ರು ಸಾಕ್ಷಿ ಹೇಳಿದ್ರು ಅಂತಿದ್ರು. ನಿಮ್ಮ ಉಪಕಾರ ದೊಡ್ಡದ್ರಿ."

ಆ ಮಾತು ಕೇಳಿ ಸುಮ್ಮನೆ ಚಹಾ ಕುಡಿದು ಬರಲು ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ. ಕಟ್ಟೆಯ ಮೇಲೆ ಬಿದ್ದ ನನ್ನ ಗಂಡನನ್ನು ಕಾಕಾ ಎತ್ತಿ ತಂದದ್ದು, ಜ್ವರ ಎಂದದ್ದು, ಆಫೀಸಿನಲ್ಲಿ ನಾನು ಗೊತ್ತಿಲ್ಲ ಎಂದು ಸುಳ್ಳು ಹೇಳಿದ್ದು, ಒಂದು ಮಾತಿನಿಂದ ಬಚಾವಾಗಬಹುದಿದ್ದರೂ ಆ ಮಾತು ಆಡದೆ ಕೀಲಿ ಇಟ್ಟು ಹೋದದ್ದು. ಇದಾವುದೂ ಅವರಿಗೆ ಗೊತ್ತಿರಲಿಲ್ಲ. ಕಾಕಾ ಮನೆಯಲ್ಲೂ ಹೇಳಿರಲಿಲ್ಲ.

ಅವರ ಕೈ ಮೊರದ ಮೇಲೆ ನಿಂತಿತು. ಆಮೇಲೆ ಕೇಳಿದರು:

"ಅವತ್ತ ಹೇಳಿದ್ರ ನಿಮಗ ಏನಾಗ್ತಿತ್ತ್ರಿ, ಟೀಚರ್?"

ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದರು.

"ಏನೂ ಆಗ್ತಿದ್ದಿಲ್ರಿ," ಎಂದೆ.

ಅವರು ಮೊರವನ್ನು ಪಕ್ಕಕ್ಕಿಟ್ಟು ಎದ್ದು ಒಳಗೆ ಹೋದರು. ಚಹಾದ ಬಟ್ಟಲು ಕೈಯಲ್ಲಿ ಹಿಡಿದು ಕಾದೆ. ಅವರು ಮತ್ತೆ ಹೊರಗೆ ಬರಲಿಲ್ಲ. ಬಿಸಿಲು ಚಾಪೆಯ ತನಕ ಬಂದ ಮೇಲೆ, ಚಪ್ಪಲಿ ಮೆಟ್ಟಿಕೊಂಡು, ಸಿಂಧನೂರಿನ ಬಸ್ಸು ಹಿಡಿಯಲು ಒಬ್ಬಳೇ ನಡೆದೆ.